ಕೆಟ್ಟು ನಿಂತ ಹಡಗು

ಘಟ್ಟದ ಮೇಲಿನವರು ಮಂಗಳೂರಿನ ಪಣಂಬೂರು ಕಡಲತೀರಕ್ಕೆ ಬಂದರೆ ಮೊದಲು ಮಾಡುವ ಕೆಲಸ ಪ್ಯಾಂಟು ಮಡಚುವುದು. ಎರಡನೆಯದು, ದೂರದ ಹಡಗಿನತ್ತ ಬೆರಳು ತೋರಿಸಿ ‘ಅದ್ಯಾಕ್ರೀ ಅಲ್ಲೇ ನಿಂತಿದೆ, ಕೆಟ್ಟೋಯ್ತಾ?’ ಎಂದು ಕೇಳುವುದು.

ಕೆಟ್ಟಿಲ್ಲ. ಪಕ್ಕದ ನವಮಂಗಳೂರು ಬಂದರಿನಲ್ಲಿ ಜಾಗ ಖಾಲಿಯಾಗಲೆಂದು ಲಂಗರು ಹಾಕಿ ಕಾಯುತ್ತಿದೆ. ಆಮೇಲೆ ಒಳಗೆ ದಾರಿ ತೋರಿಸಲು ಪೈಲಟ್ ಬಂದು ಹತ್ತಬೇಕು. ಹೌದು, ಹಡಗಿಗೂ ಪೈಲಟ್ ಉಂಟು ಮಾರಾಯ್ರೆ! 1975ರಲ್ಲಿ ಉದ್ಘಾಟನೆಯಾದ ಈ ಬಂದರಿಗೆ ಕಚ್ಚಾತೈಲ, ಅಡುಗೆ ಅನಿಲ, ಕಲ್ಲಿದ್ದಲು ಬಂದಿಳಿಯುತ್ತವೆ. ಮಲೆನಾಡಿನ ಕಾಫಿ ಇಲ್ಲಿಂದಲೇ ವಿದೇಶಕ್ಕೆ ಹೊರಡುತ್ತದೆ. ತೀರದಲ್ಲಿ ಪ್ರವಾಸಿಯ ಕೈಗೆ ಸಿಗುವುದು ಮಾತ್ರ ಕಾಗದದ ಲೋಟದ ಚಹಾ.

ಹಳೇ ಬಂದರಿನ ಧಕ್ಕೆ ಬೇರೆಯೇ ಲೋಕ. ಬೆಳ್ಳಂಬೆಳಗ್ಗೆ ಬಂಗುಡೆ, ಬೂತಾಯಿ ಮೀನಿನ ಬುಟ್ಟಿಗಳ ನಡುವೆ ತುಳು, ಬ್ಯಾರಿ, ಕೊಂಕಣಿಗಳಲ್ಲಿ ಚೌಕಾಸಿ ನಡೆದಿರುತ್ತದೆ. ಕರಗಿದ ಮಂಜುಗಡ್ಡೆಯ ನೀರು ನೆಲದ ತುಂಬ. ಬಿಳಿ ಬೂಟು ಹಾಕಿಕೊಂಡು ಬಂದವರ ಫೋಟೊಗಳೆಲ್ಲ ಸೊಂಟದ ಮೇಲಿನವೇ.

ಜುಲೈನಲ್ಲಿ ಬಂದವರ ಕಥೆ ಇನ್ನೂ ಕಷ್ಟ. ಮೀನು ಮರಿಮಾಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ. ‘ಅಂಜಲ್ ಮೀನು ಫ್ರೆಶ್ಶಾ?’ ಎಂದು ಕೇಳಿದರೆ ಹೋಟೆಲಿನವ ‘ಫ್ರೆಶ್ಶೇ, ಫ್ರಿಜ್ಜಿಂದ ಈಗಷ್ಟೇ ತೆಗೆದದ್ದು’ ಎನ್ನುತ್ತಾನೆ.