ಮೂರು ನಕಾರದ ಕನ್ನಡ

ಕ್ಯೋಟೋದಲ್ಲಿದ್ದ ಎರಡು ವರ್ಷ ನನ್ನನ್ನು ಯಾರೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಕಾಲಂ ಖಾಲಿ ಬಿಟ್ಟರೆ ಮುಂದೆ ತೊಂದರೆ ಎಂದು ಏಜೆಂಟ್ ಹೆದರಿಸಿದ್ದ. ನಮ್ಮ ಮನೆತನಕ್ಕೆ ಸರ್‌ನೇಮ್ ಎಲ್ಲಿಂದ ಬರಬೇಕು? ಇನಿಷಿಯಲ್ಲಿನ ‘ಎ’ಯನ್ನು ಬಿಚ್ಚಿ ‘ಅರಕಲಗೂಡು’ ಎಂದು ಬರೆಸಿದೆ. ಅದು ತಾತ ಬಿಟ್ಟು ಬಂದ ಊರು. ನಾನು ಅಲ್ಲಿ ಬಸ್ಸಿನಿಂದ ಇಳಿದದ್ದೇ ಎರಡು ಸಲ, ಎರಡೂ ತಿಥಿಗೆ. ಜಪಾನಿನಲ್ಲಿ ಮನೆತನದ ಹೆಸರೇ ಮುಂದೆ, ಕರೆಯುವುದೂ ಅದರಿಂದಲೇ. ಸಾಲದ್ದಕ್ಕೆ ಅವರ ಲಿಪಿಯಲ್ಲಿ ‘ಲ’ಕ್ಕೆ ಬೇರೆ ಅಕ್ಷರವಿಲ್ಲ, ‘ರ’ವೇ ಗತಿ. ವಿದೇಶಿ ಹೆಸರುಗಳನ್ನು ಬರೆಯುವ ಕಾತಾಕಾನಾದಲ್ಲಿ ಬರೆದು, ಮತ್ತೆ ಅದನ್ನು ಓದುವಷ್ಟರಲ್ಲಿ ನಾನು ‘ಅರಾಕಾರಾಗೂಡೋ ಸಾನ್’ ಆಗಿದ್ದೆ. 2006ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನ ಕೌಂಟರಿನಿಂದ ಆ ಹೆಸರನ್ನು ಮೊದಲ ಸಲ ಕೂಗಿದಾಗ, ಇವರು ಲಾಗಿನ್ ಕೊಡುತ್ತಿರುವುದು ಒಬ್ಬ ವಿದ್ಯಾರ್ಥಿಗಲ್ಲ, ಇಡೀ ತಾಲ್ಲೂಕಿಗೆ ಎನಿಸಿತು.

ಲ್ಯಾಬ್ ಎಂದರೆ ನನಗೆ ಗೊತ್ತಿದ್ದದ್ದು ಹಾಸನದ ನಮ್ಮ ಕಾಲೇಜಿನದು. ಅಲ್ಲಿ ಒಂದು ಸಿಸ್ಟಮ್ಮಿಗೆ ಮೂವರು. ಒಬ್ಬ ಕೀಬೋರ್ಡ್ ಕುಟ್ಟುವವ, ಇನ್ನೊಬ್ಬ ಮೌಸ್ ಹಿಡಿಯುವವ, ಮೂರನೆಯವ ರೆಕಾರ್ಡ್ ಬರೆಯುವವ. ನಾನು ಮೂರನೆಯವ. ನಾಲ್ಕು ವರ್ಷದಲ್ಲಿ ನನ್ನ ಕೈಬರಹ ಮುತ್ತಿನ ಹಾಗಾಯಿತು, ಪ್ರೋಗ್ರಾಮಿಂಗ್ ಮಾತ್ರ ಮೌಸ್ ಹಿಡಿದವನಿಗೇ ಹೋಯಿತು. ಸಹಾಯ ಬೇಕಾದರೆ ಕೂತಲ್ಲಿಂದಲೇ “ಸಾರ್, ಹ್ಯಾಂಗ್!” ಎಂದು ಕಿರುಚಿದರೆ ಸಾಕು. ಅಟೆಂಡರ್ ಅಣ್ಣ ಬಾಗಿಲಲ್ಲೇ ನಿಂತು “ಆಫ್ ಮಾಡಿ ಆನ್ ಮಾಡಿ” ಎನ್ನುತ್ತಿದ್ದ. ಅಷ್ಟಕ್ಕೂ ಬಗ್ಗದ್ದನ್ನು ಆಯುಧಪೂಜೆ ನೋಡಿಕೊಳ್ಳುತ್ತಿತ್ತು. ಮಾನಿಟರಿಗೆ ಕುಂಕುಮ, ಸಿಪಿಯುಗೆ ಚೆಂಡುಹೂವಿನ ಹಾರ, ಯುಪಿಎಸ್‌ಗೆ ನಿಂಬೆಹಣ್ಣು. ಫ್ಲಾಪಿ ಡ್ರೈವಿನ ಸಂದಿಯಿಂದ ಮುಂದಿನ ಸೆಮಿಸ್ಟರಿನವರೆಗೂ ಅರಿಶಿನ ಉದುರುತ್ತಿತ್ತು.

ಕ್ಯೋಟೋದ ಲ್ಯಾಬಿನಲ್ಲಿ ಅರವತ್ತು ಜನ ಕೂತಿದ್ದರೂ ಎಸಿಯ ಸದ್ದು ಕೇಳಿಸುತ್ತಿತ್ತು. ಗೋಡೆಯ ಮೇಲೆ ನಿಯಮಗಳ ಪಟ್ಟಿ. ತಿನ್ನಬಾರದು, ಕುಡಿಯಬಾರದು, ಫೋನು ‘ಮ್ಯಾನರ್ ಮೋಡ್’ನಲ್ಲಿರಬೇಕು, ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳಬಾರದು, ಕೇಳಲೂಬಾರದು, ಸೀಟು ಹಿಡಿದಿಟ್ಟು ಹೋಗಬಾರದು. ಪಟ್ಟಿಯ ಕೆಳಗೆ ಕೈಕಾಲು ಮೂಡಿದ ಒಂದು ಕಂಪ್ಯೂಟರ್ ಬೊಂಬೆ, ಮೈಮೇಲೆ ಯಾರೋ ಕಾಫಿ ಚೆಲ್ಲಿ, ಕಣ್ಣೀರು ಸುರಿಸುತ್ತಾ ನಮಗೇ ನಡು ಬಗ್ಗಿಸಿ ನಮಸ್ಕರಿಸುತ್ತಿತ್ತು. ಬೈದರೆ ತಡೆದುಕೊಳ್ಳಬಹುದು, ಅತ್ತರೆ ಏನು ಮಾಡುವುದು?

ಕೊನೆಯ ನಿಯಮವನ್ನು ನಾನು ಎರಡನೆಯ ದಿನವೇ ಮುರಿದೆ. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದ ಕೈ. ಕೀಬೋರ್ಡಿನ ಮೇಲೆ ಕರ್ಚೀಫು ಹಾಸಿ ಚಹಾಕ್ಕೆ ಹೋದೆ. ಹಿಂದಿರುಗಿದಾಗ ಅಲ್ಲಿ ಬೇರೆ ಹುಡುಗಿ ಕೂತಿದ್ದಳು. ಜಗಳಕ್ಕೆ ಬೇಕಾದ ಜಪಾನಿ ನನಗಿನ್ನೂ ಬರುತ್ತಿರಲಿಲ್ಲ. ಕೌಂಟರಿಗೆ ಹೋದರೆ, ಕಳೆದುಹೋದ ವಸ್ತುಗಳ ಡಬ್ಬಿಯಿಂದ ನನ್ನ ಕರ್ಚೀಫು ಹೊರಬಂತು. ನಾಲ್ಕು ಮಡಿಕೆ, ಪಾರದರ್ಶಕ ಕವರು, ಮೇಲೊಂದು ಚೀಟಿಯಲ್ಲಿ ತಾರೀಖು, ಸಮಯ, ಸೀಟಿನ ನಂಬರು. ಅಷ್ಟು ಮರ್ಯಾದೆಯನ್ನು ಆ ಕರ್ಚೀಫು ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಆದರೆ ನನ್ನ ನಿಜವಾದ ಕಷ್ಟ ಪಾಸ್‌ವರ್ಡಿನದು. ಮೊದಲ ದಿನ ಕೊಟ್ಟ ಲಕೋಟೆಯೊಳಗಿನ ಪಾಸ್‌ವರ್ಡನ್ನು ಅಲ್ಲೇ ಬದಲಿಸಿಕೊಂಡಿದ್ದೆ. ಊರು ಬಿಟ್ಟ ಭಾವುಕತೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಕನ್ನಡ’ ಎಂದು ಹೊಡೆದು, ಇಮೇಲಿನ ಅಟ್ ಚಿಹ್ನೆ ಹಾಕಿ, ಏಕೀಕರಣದ ವರ್ಷ 1956 ಸೇರಿಸಿದ್ದೆ. ಲ್ಯಾಬಿನಲ್ಲಿ ಅದು ಸಲೀಸಾಗಿ ಕೆಲಸ ಮಾಡುತ್ತಿತ್ತು. ಹಾಸ್ಟೆಲಿಗೆ ಬಂದು, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಂಡ ನನ್ನ ಲ್ಯಾಪ್‌ಟಾಪಿನಲ್ಲಿ ಮೇಲ್ ತೆರೆದರೆ, ಪಾಸ್‌ವರ್ಡ್ ತಪ್ಪು ಎನ್ನುತ್ತಿತ್ತು. ನಾಲ್ಕೈದು ಸಲ ಹೊಡೆದರೆ ಖಾತೆಯೇ ಲಾಕ್.

ಲಾಕ್ ಆದರೆ ಕೌಂಟರಿಗೆ ಹೋಗಬೇಕು. ಅಲ್ಲಿದ್ದವನು ಎಂ.ಎಸ್. ಓದುತ್ತಾ ಸಂಜೆ ಹೊತ್ತು ಸಹಾಯಕನಾಗಿ ದುಡಿಯುತ್ತಿದ್ದ ಹುಡುಗ. ದಪ್ಪ ಕನ್ನಡಕ. ಅರ್ಜಿ ಕೊಟ್ಟ. ಹೆಸರು, ಅದರ ಉಚ್ಚಾರ, ವಿಭಾಗ, ಕಾರಣ. ನಾನು ತುಂಬಿದೆ. ಅವನು ಲಾಕ್ ತೆಗೆದ. ಲ್ಯಾಬಿನಲ್ಲಿ ಹೊಡೆದು ನೋಡಿದೆ, ಸರಿಯಿದೆ. ಹಾಸ್ಟೆಲಿಗೆ ಹೋದೆ, ತಪ್ಪು. ಮಾರನೆಯ ದಿನ ಮತ್ತೆ ಅರ್ಜಿ. ದಂತವೈದ್ಯರ ಕುರ್ಚಿಯಲ್ಲಿ ಕೂತೊಡನೆ ಮಾಯವಾಗುವ ಹಲ್ಲುನೋವಿನ ಹಾಗೆ, ಅವನೆದುರು ಮಾತ್ರ ನನ್ನ ಪಾಸ್‌ವರ್ಡಿಗೆ ಯಾವ ರೋಗವೂ ಇರುತ್ತಿರಲಿಲ್ಲ.

ಮೂರನೆಯ ಅರ್ಜಿಗೆ ಅವನು ಹಲ್ಲಿನ ಸಂದಿಯಿಂದ ‘ಸ್ಸ್ಸ್’ ಎಂದು ಗಾಳಿ ಎಳೆದುಕೊಂಡ. ಇದೊಂದು ಜಪಾನಿ ಪದ, ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ‘ಇದು ಕಷ್ಟ’ ಎಂದು ಅರ್ಥ. ಇದಕ್ಕಿಂತ ಕಷ್ಟವಾದರೆ ‘ಚೊತ್ತೊ...’ ಎಂದು ಎಳೆದು ಅಲ್ಲಿಗೇ ನಿಲ್ಲಿಸುತ್ತಾರೆ. ಚೊತ್ತೊ ಎಂದರೆ ಅಕ್ಷರಶಃ ‘ಸ್ವಲ್ಪ’. ನಾನು ಮೋಸ ಹೋದದ್ದು ಅಲ್ಲೇ. ಒಮ್ಮೆ ರಾತ್ರಿ ಮುಚ್ಚುವ ಹೊತ್ತಿಗೆ ಎರಡು ನಿಮಿಷವಿರುವಾಗ ನಲವತ್ತು ಪುಟ ಪ್ರಿಂಟ್ ಬೇಕೆಂದು ಹೋಗಿ ನಿಂತಿದ್ದೆ. ಅವನು “ಚೊತ್ತೊ...” ಎಂದ. ಸ್ವಲ್ಪ ಎಂದಮೇಲೆ ಮುಂದೆ ಅಡ್ಜಸ್ಟ್ ಮಾಡೋಣ ಎಂಬ ಮಾತು ಇದ್ದೇ ಇರಬೇಕಲ್ಲ ಎಂದು ನಗುತ್ತಾ ಕಾದೆ. ಅವನೂ ನಗುತ್ತಾ ಕಾದ. ನಮ್ಮಲ್ಲಿ ‘ಸ್ವಲ್ಪ’ ಎಂದರೆ ಬಾಗಿಲು ತೆರೆಯುತ್ತದೆ, ಅಲ್ಲಿ ‘ಸ್ವಲ್ಪ’ ಎಂದರೆ ಬಾಗಿಲು ಮುಚ್ಚಿತು ಎಂದು ತಿಳಿಯಲು ನನಗೆ ಆ ಎರಡು ನಿಮಿಷವೂ ಬೇಕಾಯಿತು. ಅಷ್ಟರಲ್ಲಿ ಸ್ಪೀಕರಿನಲ್ಲಿ ‘ಹೊತಾರು ನೊ ಹಿಕಾರಿ’ಯ ರಾಗ ಶುರುವಾಯಿತು. ‘ಮಿಣುಕುಹುಳದ ಬೆಳಕು’ ಎಂದು ಅರ್ಥ. ರಾಗ ಸ್ಕಾಟ್ಲೆಂಡಿನದು, ಹಾಡಿನ ಹಿಂದಿನ ಕಥೆ ಚೀನಾದ್ದು. ದೀಪದ ಎಣ್ಣೆಗೂ ಗತಿಯಿಲ್ಲದ ಒಬ್ಬ ಬಡ ವಿದ್ಯಾರ್ಥಿ ಮಿಣುಕುಹುಳಗಳನ್ನು ಚೀಲಕ್ಕೆ ತುಂಬಿ ಆ ಬೆಳಕಿನಲ್ಲಿ ಓದಿದನಂತೆ. ನಮ್ಮ ಮೇಷ್ಟರುಗಳು ಹೇಳುವ ಬೀದಿದೀಪದ ಕಥೆಯ ಅಣ್ಣನೇ ಇದು. ಜಪಾನಿನಲ್ಲಿ ಅಂಗಡಿ, ಲೈಬ್ರರಿ ಮುಚ್ಚುವಾಗಲೆಲ್ಲ ಇದೇ ರಾಗ. ಕಷ್ಟಪಟ್ಟು ಓದಿದವನ ಹಾಡು ಹಾಕಿ, ಓದುತ್ತಿದ್ದವನನ್ನು ಎಬ್ಬಿಸಿ, ಲೈಟ್ ಆರಿಸುತ್ತಾರೆ.

ಮತ್ತೆ ಪಾಸ್‌ವರ್ಡಿಗೆ ಬರುತ್ತೇನೆ. ಮೂರನೆಯ ಅರ್ಜಿಯ ದಿನ ಕನ್ನಡಕದ ಹುಡುಗ ನನ್ನ ಸೀಟಿನವರೆಗೆ ಬಂದ. ಪಾಸ್‌ವರ್ಡ್ ಏನೆಂದು ಕೇಳುವಂತಿಲ್ಲ, ನೋಡುವಂತೆಯೂ ಇಲ್ಲ. ಕೊಂಚ ಯೋಚಿಸಿ, “ನೋಟ್‌ಪ್ಯಾಡ್ ತೆರೆಯಿರಿ. ಪಾಸ್‌ವರ್ಡ್ ಹೊಡೆಯುವ ಹಾಗೆಯೇ ಹೊಡೆಯಿರಿ. ಏನು ಬಂತೆಂದು ನೀವೇ ನೋಡಿ. ನಾನು ಗೋಡೆ ನೋಡುತ್ತೇನೆ” ಎಂದು ಹೇಳಿ, ಕ್ಲಾಸಿನಿಂದ ಹೊರಗೆ ನಿಲ್ಲಿಸಿದ ಹುಡುಗನ ಹಾಗೆ ಕೈಕಟ್ಟಿ ಗೋಡೆಗೆ ಮುಖಮಾಡಿ ನಿಂತ.

ನಾನು ಹೊಡೆದೆ. ಪರದೆಯ ಮೇಲೆ ಬಂದದ್ದು ‘ಕನ್-ಅ-ದ’. ಜಪಾನಿ ಮೋಡ್ ಆನ್ ಆಗಿತ್ತು. ಅದರಲ್ಲಿ ಎರಡು ‘ಎನ್’ ಒತ್ತಿದರೆ ಒಂದು ಅನುಸ್ವಾರಕ್ಕೇ ಎರಡೂ ಖರ್ಚಾಗುತ್ತವೆ, ಮುಂದಿನ ‘ಅ’ ಅನಾಥ. ಕನ್ನಡ ಎನಿಸಿಕೊಳ್ಳಬೇಕಾದರೆ ಮೂರು ‘ಎನ್’ ಒತ್ತಬೇಕು. ಎರಡು ಸಾವಿರ ವರ್ಷದ ಭಾಷೆ, ಒಂದು ನಕಾರ ಕಡಿಮೆ ಬಿದ್ದು ನಿಂತಿತ್ತು. ಇವರನ್ನು ಆಡಿಕೊಳ್ಳುವ ಹಾಗೂ ಇಲ್ಲ. ಸಾವಿರಾರು ಚಿತ್ರಾಕ್ಷರಗಳನ್ನು ನೂರು ಚಿಲ್ಲರೆ ಕೀಲಿಗಳಿಂದ ಬರೆಸುವುದು ಹುಡುಗಾಟವಲ್ಲ. ಧ್ವನಿಯನ್ನು ಹೊಡೆದರೆ ಅಕ್ಷರವಾಗಿ ಬದಲಿಸಿಕೊಡುವ ಮೊದಲ ಜಪಾನಿ ವರ್ಡ್ ಪ್ರೊಸೆಸರನ್ನು ತೋಷಿಬಾ ಕಂಪನಿ 1978ರಲ್ಲಿ ಪರಿಚಯಿಸಿದಾಗ ಅದು ಒಂದು ಮೇಜಿನಷ್ಟು ದೊಡ್ಡದಿತ್ತು, ಬೆಲೆ 63 ಲಕ್ಷ ಯೆನ್.

“ಇಂಗ್ಲಿಷಿಗೆ ಬದಲಿಸಿ” ಎಂದಿತು ಗೋಡೆ.

ಬದಲಿಸಿ ಹೊಡೆದೆ. ಈಗ ‘ಕನ್ನಡ’ ಸರಿಯಾಗಿ ಬಂತು, 1956 ಸರಿಯಾಗಿ ಬಂತು. ನಡುವೆ ಅಟ್ ಚಿಹ್ನೆ ಇರಬೇಕಾದ ಕಡೆ ಎರಡು ಗೀಟಿನ ಉದ್ಧರಣ ಚಿಹ್ನೆ ಕೂತಿತ್ತು! ಜಪಾನಿ ಕೀಬೋರ್ಡಿನಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ ಬರುವುದು ಅದೇ. ಅಟ್ ಚಿಹ್ನೆ ಅಲ್ಲಿ ‘ಪಿ’ಯ ಪಕ್ಕದಲ್ಲಿ ಬೇರೆ ಮನೆ ಮಾಡಿಕೊಂಡಿದೆ. ಪಾಸ್‌ವರ್ಡ್ ಹೊಡೆಯುವಾಗ ಕಾಣುವುದು ಬರೀ ಚುಕ್ಕಿ. ನಾನು ಮೊದಲ ದಿನದಿಂದ ಇಲ್ಲದ್ದನ್ನು ಹೊಡೆದು ಇದೆ ಎಂದುಕೊಂಡಿದ್ದೆ. ಎಸ್‌.ಪಿ. ರಸ್ತೆಯ ಲ್ಯಾಪ್‌ಟಾಪ್ ಮಾತ್ರ ಪ್ರಾಮಾಣಿಕವಾಗಿ ಅಟ್ ಚಿಹ್ನೆಯನ್ನೇ ಕಳಿಸಿ, ಪ್ರತಿ ರಾತ್ರಿ ಬೈಸಿಕೊಳ್ಳುತ್ತಿತ್ತು.

ಖುಷಿ ತಡೆಯಲಾಗಲಿಲ್ಲ. ಗೋಡೆಗೆ ಮುಖಮಾಡಿದ್ದವನ ಭುಜ ತಟ್ಟಿ ಎಲ್ಲವನ್ನೂ ವಿವರಿಸಿದೆ. ಕನ್ನಡ ಎಂದರೆ ನಮ್ಮ ಭಾಷೆ, 1956ರ ನವೆಂಬರ್ 1 ಎಂದರೆ ಏನು, ನಡುವಿನ ಚಿಹ್ನೆ ಹೇಗೆ ಕೈಕೊಟ್ಟಿತು, ಎಲ್ಲ. ಅವನಿಗೂ ಖುಷಿಯಾಯಿತು. “ಕನ್ನದ? ನಮ್ಮಲ್ಲಿ ‘ಕನ್ನ’ ಎಂದರೆ ಬಡಗಿಯ ಕೀಸುಳಿ. ‘ಕನ್ನ ದ’ ಎಂದರೆ ‘ಇದು ಕೀಸುಳಿ’ ಎಂದಾಗುತ್ತದೆ” ಎಂದು ನಕ್ಕ. ಮೂರು ನಕಾರ ಒತ್ತಿ, ಬದಲಿಸುವ ಕೀಲಿ ತಟ್ಟಿ ತೋರಿಸಿದ. ನಮ್ಮ ಬಡಗಿ ಕೀಸುಳಿಯನ್ನು ಮುಂದಕ್ಕೆ ತಳ್ಳಿದರೆ ಅವರು ತಮ್ಮ ಕಡೆಗೆ ಎಳೆಯುತ್ತಾರಂತೆ. ಆ ಲ್ಯಾಬಿನಲ್ಲಿ ನಾವಿಬ್ಬರು ಮಾತಾಡಿದಷ್ಟು ಗಟ್ಟಿಯಾಗಿ ಯಾರೂ ಮಾತಾಡಿರಲಿಕ್ಕಿಲ್ಲ. ನಾಲ್ಕು ತಲೆ ಇತ್ತ ತಿರುಗಿ, ತಿರುಗಿದ್ದಕ್ಕೆ ತಾವೇ ನಾಚಿ, ಮತ್ತೆ ಅತ್ತ ತಿರುಗಿದವು.

ಆಮೇಲೆ ಅವನ ಮುಖ ಇದ್ದಕ್ಕಿದ್ದ ಹಾಗೆ ಬಾಡಿತು. ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡ. “ಅರಾಕಾರಾಗೂಡೋ ಸಾನ್, ನೀವು ಈಗ ನನಗೆ ಪಾಸ್‌ವರ್ಡ್ ಹೇಳಿಬಿಟ್ಟಿರಿ” ಎಂದ. ಕೇಳಿಸಿಕೊಂಡದ್ದಕ್ಕೆ ತಾನು ಬಗ್ಗಿ ಕ್ಷಮೆ ಕೇಳಿದ. ಹೇಳಿದ್ದಕ್ಕೆ ನಾನೂ ಬಗ್ಗಿದೆ. ನಾಲ್ಕನೆಯ ಅರ್ಜಿ ಬಂತು. ಹೊಸ ಪಾಸ್‌ವರ್ಡಾಗಿ ಅಜ್ಜಿಯ ಮನೆಯ ಹಸುವಿನ ಹೆಸರನ್ನೂ ಅದು ಹಾಯ್ದು ನನ್ನನ್ನು ಕೆಡವಿದ ವರ್ಷವನ್ನೂ ಹಾಕಿದೆ. ಚಿಹ್ನೆಗಿಹ್ನೆಯ ಸಹವಾಸಕ್ಕೆ ಹೋಗಲಿಲ್ಲ.

ಇಷ್ಟಾದಮೇಲೂ ಆಯುಧಪೂಜೆ ಇಲ್ಲದ ಕಂಪ್ಯೂಟರನ್ನು ನಂಬಲು ಮನಸ್ಸು ಒಪ್ಪಲಿಲ್ಲ. ಇದನ್ನು ಕನ್ನಡಕದ ಹುಡುಗನಿಗೆ ಹೇಳಿದರೆ ಅವನು ನಗಲೇ ಇಲ್ಲ. ಊರಾಚೆ ಅರಾಶಿಯಾಮಾದ ಹೋರಿನ್‌ಜಿ ದೇವಸ್ಥಾನಕ್ಕೆ ಹೋಗಿ ಎಂದು ನಕ್ಷೆ ಬರೆದುಕೊಟ್ಟ. ಭಾನುವಾರ ಹೋದೆ. ಬೆಟ್ಟದ ಮೆಟ್ಟಿಲ ಬದಿಗೆ ‘ದೆನ್‌ದೆನ್‌ಗೂ’ ಎಂಬ ಗುಡಿ, ವಿದ್ಯುತ್ತಿನ ದೇವರದು. ಹತ್ತಿರದಲ್ಲೇ ಎಡಿಸನ್ ಮತ್ತು ಹರ್ಟ್ಸ್ ಇಬ್ಬರ ಉಬ್ಬುಚಿತ್ರ. ನಮ್ಮ ಲ್ಯಾಬಿನ ನಿಂಬೆಹಣ್ಣು ಒಬ್ಬಂಟಿಯಲ್ಲ ಎಂದು ಗೊತ್ತಾಗಿ ಗಂಟಲು ಕಟ್ಟಿತು. ಈಗಂತೂ ಅಲ್ಲಿ ಮೈಕ್ರೋ ಎಸ್‌ಡಿ ಕಾರ್ಡಿನ ತಾಯಿತವನ್ನೇ ಮಾರುತ್ತಾರೆ. ಮೇಲಿನ ದೊಡ್ಡ ದೇವರು ಆಕಾಶಗರ್ಭ ಬೋಧಿಸತ್ವ, ಬುದ್ಧಿ ಕೊಡುವವನು. ಹದಿಮೂರಕ್ಕೆ ಕಾಲಿಟ್ಟ ಮಕ್ಕಳು ಬುದ್ಧಿ ಬೇಡಲು ಇಲ್ಲಿಗೆ ಬರುತ್ತಾರೆ. ಒಂದೇ ಷರತ್ತು: ವಾಪಸ್ಸು ಹೋಗುವಾಗ ಕೆಳಗಿನ ತೊಗೆತ್ಸುಕ್ಯೋ ಸೇತುವೆ ದಾಟುವ ತನಕ ಹಿಂತಿರುಗಿ ನೋಡಬಾರದು. ನೋಡಿದರೆ ಪಡೆದ ಬುದ್ಧಿ ಅಲ್ಲೇ ವಾಪಸ್ಸು.

ನನಗೆ ಹದಿಮೂರರ ಎರಡರಷ್ಟು ವಯಸ್ಸು ಸಮೀಪಿಸಿತ್ತು. ಆದರೂ ಬೇಡಿದ್ದನ್ನು ಬಿಡುವುದೇಕೆಂದು ಕತ್ತು ಬಿಗಿಹಿಡಿದು ಸೇತುವೆ ಹತ್ತಿದೆ. ಅರ್ಧ ದಾಟಿದ್ದೆ. ಹಿಂದಿನಿಂದ ಯಾರೋ, ಇಂಥ ಕಡೆ ಎಂದೂ ಕೇಳಿಸಬಾರದಷ್ಟು ಸ್ವಚ್ಛವಾಗಿ, “ಲೇ, ಅಲ್ನೋಡೋ!” ಎಂದರು. ಬೆಂಗಳೂರಿನ ಪ್ರವಾಸಿಗಳ ಒಂದು ಗುಂಪು ನದಿಯಲ್ಲಿ ನಿಂತ ಕೊಕ್ಕರೆ ತೋರಿಸುತ್ತಿತ್ತು. ಹಿಂತಿರುಗಿ ಅವರನ್ನೂ ನೋಡಿದೆ, ಕೊಕ್ಕರೆಯನ್ನೂ ನೋಡಿದೆ.

ಸೋಮವಾರ ಲ್ಯಾಬಿನಲ್ಲಿ ಕೂತೆ. ಹಸುವಿನ ಹೆಸರು ನೆನಪಿತ್ತು. ಅದು ನನ್ನನ್ನು ಹಾಯ್ದದ್ದು ಎಂಬತ್ತೊಂಬತ್ತರಲ್ಲೋ ತೊಂಬತ್ತರಲ್ಲೋ, ಏನು ಮಾಡಿದರೂ ತಲೆಗೆ ಹತ್ತಲಿಲ್ಲ. ಐದು ಸಲ ಹೊಡೆದು ಲಾಕ್ ಮಾಡಿಕೊಂಡು ಕೌಂಟರಿಗೆ ನಡೆದೆ. ನಾನು ಬಾಯಿ ತೆರೆಯುವ ಮೊದಲೇ ಕನ್ನಡಕದ ಹುಡುಗ ಡ್ರಾಯರ್ ಎಳೆದು ಒಂದು ಅರ್ಜಿ ತೆಗೆದಿಟ್ಟ. ಹೆಸರು, ಅದರ ಉಚ್ಚಾರ, ವಿಭಾಗ, ಕಾರಣ ಎಲ್ಲ ಅವನ ಅಕ್ಷರದಲ್ಲಿ ಮೊದಲೇ ತುಂಬಿತ್ತು. ತಾರೀಖಿನ ಜಾಗ ಮಾತ್ರ ಖಾಲಿ. ಅದರ ಕೆಳಗೆ ಇನ್ನೂ ಐದಾರು ಅಂಥವೇ ಪ್ರತಿಗಳಿದ್ದವು.