ತೊಗರಿಬೇಳೆಯಷ್ಟು ತೂತು

ಕಾಗದದ ಹಡಗು ಕಟ್ಟುವವರಿಗೆ ಗಣಿತ ಬರಬಾರದು. ಬಂದರೆ ನಿದ್ದೆ ಬರುವುದಿಲ್ಲ. ಜರ್ಮನಿಯ ವಿಲ್ಹೆಲ್ಮ್ಸ್‌ಹಾಫನ್ ಎಂಬ ಬಂದರೂರಿನ ಹೆಸರಿನಲ್ಲಿ 1950ರ ದಶಕದಿಂದ ಅಚ್ಚಾಗುತ್ತ ಬಂದ ಹಡಗಿನ ಹಾಳೆಗಳ ದೆಸೆಯಿಂದ, 1:250 ಎಂಬ ಅಳತೆ ನಮ್ಮ ಪಂಗಡದಲ್ಲಿ ಹೆಚ್ಚುಕಡಿಮೆ ವೇದವಾಕ್ಯ. ಹಾಳೆಯ ಮೇಲೆ 1 ಮಿಲಿಮೀಟರು ಇದ್ದರೆ ನಿಜವಾದ ಹಡಗಿನಲ್ಲಿ 25 ಸೆಂಟಿಮೀಟರು. ಬ್ಲೇಡು ಇಷ್ಟೇ ಇಷ್ಟು ಜಾರಿದರೂ ಸಾಕು, ಪಾಪದ ನಾವಿಕನೊಬ್ಬನ ಕಾಲು ಸಿಕ್ಕಿಕೊಳ್ಳುವಂಥ ಬಿರುಕು ತಯಾರು.

ಟೈಟಾನಿಕ್ಕಿನ ಲೆಕ್ಕ ಇನ್ನೂ ಭಯಂಕರ. 269 ಮೀಟರು ಉದ್ದದ ಆ ಹಡಗನ್ನು ಮುಳುಗಿಸಿದ ಗಾಯಗಳನ್ನೆಲ್ಲ ಕೂಡಿಸಿದರೆ ಸುಮಾರು 12 ಚದರ ಅಡಿ ಆದೀತೆಂದು, ಅದನ್ನು ಕಟ್ಟಿದ ಕಂಪನಿಯ ಎಡ್ವರ್ಡ್ ವೈಲ್ಡಿಂಗ್ 1912ರ ವಿಚಾರಣೆಯಲ್ಲಿ ಅಂದಾಜು ಕೊಟ್ಟಿದ್ದ. ಅದನ್ನು ನಮ್ಮ ಅಳತೆಗೆ ಇಳಿಸಿದರೆ ಬರುವುದು 18 ಚದರ ಮಿಲಿಮೀಟರು. ಒಂದು ತೊಗರಿಬೇಳೆ ಇಟ್ಟು ಮುಚ್ಚಬಹುದು! ನನ್ನ ಮೇಜಿನ ಮೇಲಿರುವ ಟೈಟಾನಿಕ್ಕಿನ ಸಂದುಗೊಂದುಗಳನ್ನು ಮುಚ್ಚಲು ಕಾಲು ಪಾವು ಬೇಳೆ ಬೇಕಾದೀತು. ಅದಕ್ಕೆ ಮಂಜುಗಡ್ಡೆಯ ಹಂಗಿಲ್ಲ, ಬಂದರಿನಲ್ಲೇ ಮುಳುಗಬಲ್ಲದು.

ಈ ತಪ್ಪುಗಳ ಸ್ವಭಾವವೇ ಅಂಥದ್ದು. ಹುಟ್ಟುವುದು ಒಂದು ಕಡೆ, ಮುಖ ತೋರಿಸುವುದು ಇನ್ನೊಂದು ಕಡೆ. ರಟ್ಟಿನ ಬೆನ್ನೆಲುಬಿಗೆ ಪಕ್ಕೆಲುಬು ಸಿಕ್ಕಿಸುವಾಗ ಒಂದು ಚೂರು ಓರೆಯಾಗಿರುತ್ತದೆ. ಅವತ್ತು ಅದು ತುಟಿಪಿಟಕ್ಕೆನ್ನುವುದಿಲ್ಲ. ಡೆಕ್ಕು ಕೂರಿಸುವಾಗಲೂ ಸುಮ್ಮನಿರುತ್ತದೆ. ಕೊನೆಗೆ ಒಡಲಿನ ಎಡಬಲದ ಪಟ್ಟಿಗಳು ಮೂತಿಯಲ್ಲಿ ಬಂದು ಕೂಡಬೇಕಾದ ಶುಭಮುಹೂರ್ತದಲ್ಲಿ ಎರಡೂ ಮುಖ ತಿರುಗಿಸಿ ನಿಲ್ಲುತ್ತವೆ. ಅದಕ್ಕೇ ಪಳಗಿದ ಕೈಗಳು ಮೂತಿಯಿಂದಲೇ ಅಂಟಿಸಲು ಶುರುಮಾಡುತ್ತವೆ. ಮಿಕ್ಕಿದ್ದು, ಸಾಲದ್ದು ಏನಿದ್ದರೂ ಹಿಂಭಾಗಕ್ಕೆ ಹೋಗಲಿ. ಬಂದವರು ಮೊದಲು ನೋಡುವುದು ಮೂತಿಯನ್ನು ತಾನೆ?

ಕೆಲವು ತಪ್ಪುಗಳು ಕತ್ತರಿ ಮುಟ್ಟುವ ಮೊದಲೇ ಆಗಿಹೋಗಿರುತ್ತವೆ. ಜೆರಾಕ್ಸ್ ಅಂಗಡಿಯ ಹುಡುಗ ಬಲು ಉಪಕಾರಿ. ಒಡಲಿನ ಹಾಳೆಗಳು ಅಂಚಿಗೆ ತಾಗುತ್ತಿವೆಯೆಂದು ಅವನ್ನು ನೂರಕ್ಕೆ ತೊಂಬತ್ತೇಳಕ್ಕೆ ಕುಗ್ಗಿಸಿ, ಡೆಕ್ಕನ್ನು ಇದ್ದ ಹಾಗೇ ಮುದ್ರಿಸಿಕೊಟ್ಟ. ಡೆಕ್ಕು ಮೂರು ಸೆಂಟಿಮೀಟರು ಹೊರಗೆ ಚಾಚಿತು. ಅಂದರೆ ಮೊದಲ ದರ್ಜೆಯ ಪ್ರಯಾಣಿಕರು ಸಂಜೆ ಅಡ್ಡಾಡುತ್ತ ಎಂಟು ಮೀಟರು ಅಟ್ಲಾಂಟಿಕ್ಕಿನ ಮೇಲೇ ನಡೆಯಬಹುದು. ನಾನವನನ್ನು ಬೈಯಲಿಲ್ಲ. 1628ರಲ್ಲಿ ಸ್ವೀಡನ್ನಿನ ರಾಜನಿಗಾಗಿ ಕಟ್ಟಿದ ವಾಸಾ ಹಡಗು ಸ್ಟಾಕ್‌ಹೋಮ್ ಬಂದರಿನಿಂದ ಹೊರಟು ಒಂದೂಕಾಲು ಕಿಲೋಮೀಟರು ದಾಟುವಷ್ಟರಲ್ಲಿ ಮುಳುಗಿತು. ತಲೆಭಾರವೇ ಮುಖ್ಯ ಕಾರಣ. ಆದರೆ 1961ರಲ್ಲಿ ಮೇಲೆತ್ತಿದ ಆ ಹಡಗಿಗೆ ಸಂಬಂಧಿಸಿ ಸಿಕ್ಕ ಬಡಗಿಗಳ ಅಳತೆಪಟ್ಟಿಗಳಲ್ಲಿ ಕೆಲವು 12 ಇಂಚಿನ ಸ್ವೀಡಿಶ್ ಅಡಿಯವು, ಕೆಲವು 11 ಇಂಚಿನ ಆಮ್‌ಸ್ಟರ್‌ಡ್ಯಾಮ್ ಅಡಿಯವು! ಎಡಬಲ ಸಮನಾಗಿಲ್ಲದ್ದರಲ್ಲಿ ಆಶ್ಚರ್ಯವೇನು? ಆ ರಾಜನ ಕಾರ್ಖಾನೆಯ ಪರಂಪರೆ ನಮ್ಮ ಬಡಾವಣೆಯ ಜೆರಾಕ್ಸ್ ಅಂಗಡಿಯವರೆಗೂ ಹರಿದುಬಂದಿದೆಯೆಂದು ತಿಳಿದು ದುಡ್ಡು ಕೊಟ್ಟು ಬಂದೆ.

ಅಂಟಿಸಿದ್ದನ್ನು ಬಿಡಿಸಲಾಗದೆ? ಬಿಡಿಸಬಹುದು. ಬಿಳಿ ಅಂಟು ತೇವಕ್ಕೆ ಮೆತ್ತಗಾಗುತ್ತದೆ. ಇಂಕ್‌ಜೆಟ್ಟಿನ ಬಣ್ಣ ಅದಕ್ಕಿಂತ ಮೊದಲೇ ಮೆತ್ತಗಾಗಿ ಕಪ್ಪು ಒಡಲು ಬಿಳಿ ಡೆಕ್ಕಿನ ಮೇಲೆ ಹರಿಯುತ್ತದೆ. ಹೇರ್ ಡ್ರೈಯರಿನ ಬಿಸಿಗಾಳಿಯಿಂದಲೂ ಬಿಡಿಸಬಹುದು, ಆದರೆ ಅದರ ಒಡತಿ "ಕೂದಲಿಲ್ಲದವರಿಗೆ ಇದ್ಯಾಕ್ರೀ ಬೇಕು?" ಎಂದು ಒಳಗಿನಿಂದಲೇ ಕೇಳಿದರೆ ವಿವರಿಸುವುದು ಕಷ್ಟ. ಆದ್ದರಿಂದ ನಮ್ಮ ಪಂಗಡದ ಪರಮ ವಿದ್ಯೆ ಎಂದರೆ ಮುಚ್ಚುವುದು. ಕತ್ತರಿಸಿದ ಬಿಳಿ ಅಂಚಿಗೆ ಜಲವರ್ಣ ಬಳಿ. ಡೆಕ್ಕಿನ ಅಂಚು ಒರಟಾಯಿತೋ, ಅಲ್ಲೊಂದು ಕಂಬಿಬೇಲಿ. ಅಂಟಿನ ಕಲೆಯಾಯಿತೋ, ಅದರ ಮೇಲೆ ಸುರುಳಿ ಸುತ್ತಿದ ಹಗ್ಗ. ದೊಡ್ಡ ತೂತಾದರೆ ಲೈಫ್‌ಬೋಟು. ಯಾವುದಕ್ಕೂ ಬಗ್ಗದಿದ್ದರೆ ಆ ಮಗ್ಗುಲನ್ನು ಗೋಡೆಯ ಕಡೆ ತಿರುಗಿಸಿಟ್ಟರಾಯಿತು. ನಮ್ಮಲ್ಲಿ ಯಾರ ಮನೆಯ ಕಪಾಟು ನೋಡಿದರೂ ಹಡಗುಗಳೆಲ್ಲ ಒಂದೇ ದಿಕ್ಕಿಗೆ ಹೊರಟಿರುತ್ತವೆ. ಗಾಳಿ ಹಾಗೆ ಬೀಸುತ್ತಿದೆಯೆಂದು ನೆಂಟರು ಭಾವಿಸುತ್ತಾರೆ.

ದೊಡ್ಡವರನ್ನು ಹೇಗೋ ಸಂಭಾಳಿಸಬಹುದು. ಬೇಸಿಗೆ ರಜೆಗೆ ಬಂದ ಅಕ್ಕನ ಮಗ ಮೊಬೈಲು ಹಿಡಿದುಕೊಂಡೇ ಟೈಟಾನಿಕ್ಕಿನ ಮುಂದೆ ಕೂತ.

"ಮಾವ, ನಿಜವಾದ್ದರಲ್ಲಿ ಲೈಫ್‌ಬೋಟು ಇದ್ದಿದ್ದು 20. ಇದರಲ್ಲಿ 23 ಇದೆ."

"ಆ ಹಡಗಿನ ಕೊರತೆಯೇ ಅದು ಕಣೋ. ಹತ್ತಿದ್ದವರು 2200ಕ್ಕೂ ಹೆಚ್ಚು, ದೋಣಿಗಳಲ್ಲಿ ಜಾಗ ಇದ್ದದ್ದು 1178 ಜನಕ್ಕೆ. ದೊಡ್ಡ ದೋಣಿಗೆ 65ರಂತೆ ನಾನು ಇನ್ನೂ 195 ಜನರನ್ನು ಉಳಿಸಿದ್ದೇನೆ."

ಅವನು ಕತ್ತು ಬಗ್ಗಿಸಿ ಮೂರನ್ನೂ ಒಂದೊಂದಾಗಿ ಉಗುರಿನಿಂದ ಅಲುಗಿಸಿ ನೋಡಿದ.

"ನೀರಿಗೆ ಹೇಗೆ ಇಳಿಸ್ತಾರೆ ಮಾವ? ದೋಣಿ ತೆಗೆದರೆ ಹಡಗೇ ಮುಳುಗುತ್ತಲ್ಲ!"