ಶೋರೂಮ್ ಸರ್ವಿಸಿಗೊಂದು ಶಹಬ್ಬಾಸ್

ನಮ್ಮ ಪಿರಿಯಾಪಟ್ಟಣ, ಹುಣಸೂರು ಸೀಮೆಯ ಲಾರಿ ಮಾಲೀಕರಿಗೆ ಉಪಕಾರ ಸ್ಮರಣೆ ಸಾಲದು. ಹೊಗೆಸೊಪ್ಪಿನ ಬೇಲು, ಅದನ್ನು ಹದಗೊಳಿಸುವ ಬ್ಯಾರನ್ನಿನ ಸೌದೆ, ಶುಂಠಿ, ಮುಸುಕಿನ ಜೋಳ ಎಂದು ವರ್ಷವಿಡೀ ಹೇರಿ ದುಡಿಯುತ್ತಾರೆ. ಗಾಡಿ ಅರವತ್ತರ ಸ್ಪೀಡಿಗೆ ಬಂದ ಕೂಡಲೇ ಗಡಗಡ ನಡುಗಿದರೆ ಮೈಸೂರಿನ ದಾರಿ ಹಿಡಿಯುತ್ತಾರೆ. ಅಲ್ಲಿ ಶೋರೂಮಿನವರು ಆ ನಡುಕಕ್ಕಾಗಿ ಪಡುವ ಪಾಡನ್ನು ಮಾತ್ರ ಊರಿಗೆ ಬಂದು ಒಬ್ಬರೂ ಹೊಗಳುವುದಿಲ್ಲ. ಈ ಕೃತಘ್ನತೆ ಇನ್ನು ಸಾಕು.

ಮೊದಲು ಜಾಬ್ ಕಾರ್ಡಿನ ಸಂಕ್ಷಿಪ್ತತೆಯನ್ನು ಮೆಚ್ಚಬೇಕು. ಡ್ರೈವರ್ ಬಾಯಿ ತೆರೆದರೆ ಪುರಾಣ: ಲೋಡ್ ಇದ್ದಾಗ ಹೆಚ್ಚು, ಖಾಲಿ ಇದ್ದಾಗ ಕಮ್ಮಿ, ಟಾಪ್ ಗೇರಿನಲ್ಲಿ ಜಾಸ್ತಿ, ಬಿಳಿಕೆರೆ ದಾಟಿದ ಮೇಲೆ ಶುರು. ಅಡ್ವೈಸರ್ ಇದನ್ನೆಲ್ಲ ಸೋಸಿ, ಕಂಪ್ಯೂಟರಿನಲ್ಲಿ ಒಂದೇ ಮಾತು ಬರೆಯುತ್ತಾರೆ: ‘ವೈಬ್ರೇಶನ್’. ಡ್ರೈವರನನ್ನು ಎಸಿ ಕೋಣೆಯಲ್ಲಿ ಕೂರಿಸಿ ಕಾಫಿ ಕೊಡುತ್ತಾರೆ. ನಡುಕವನ್ನು ಕಣ್ಣಾರೆ ಕಂಡ ಏಕೈಕ ಸಾಕ್ಷಿಗೆ ಇಷ್ಟು ಮರ್ಯಾದೆ ಯಾವ ಕೋರ್ಟಿನಲ್ಲೂ ಸಿಗದು.

ಆಮೇಲೆ ಟ್ರಯಲ್. ಖಾಲಿ ಗಾಡಿಯನ್ನು ಗೇಟಿನವರೆಗೆ ಇಪ್ಪತ್ತರ ಸ್ಪೀಡಿನಲ್ಲಿ ಓಡಿಸಿ ತಂದು ‘ನಮಗೇನೂ ಕಾಣಲಿಲ್ಲ’ ಎನ್ನುತ್ತಾರೆ. ತೂಕ ತಪ್ಪಿ ತಿರುಗುವ ವಸ್ತುವಿನ ಏಟು ಸ್ಪೀಡು ಇಮ್ಮಡಿಯಾದರೆ ನಾಲ್ಕರಷ್ಟಾಗುತ್ತದೆ. ಹಾಗಾಗಿ ಅರವತ್ತರ ರೋಗವನ್ನು ಇಪ್ಪತ್ತರಲ್ಲಿ ನೋಡಿದರೆ ಒಂಬತ್ತರಲ್ಲೊಂದು ಪಾಲೇ ಕಾಣುವುದು. ಗಾಡಿಯ ಬಗ್ಗೆ ಕೆಟ್ಟ ಮಾತು ಆಡಲು ಮನಸ್ಸಿಲ್ಲದವರು ಮಾತ್ರ ಹೀಗೆ ಪರೀಕ್ಷಿಸಬಲ್ಲರು.

ಅನಂತರ ಶುರುವಾಗುವುದು ಶುದ್ಧ ಸಂಶೋಧನೆ. ವೀಲ್ ಬ್ಯಾಲೆನ್ಸಿಂಗ್ ಆಯಿತು, ಹೋಗಲಿಲ್ಲ. ಎಂಜಿನ್ ಮೌಂಟಿಂಗ್ ಹೊಸದು, ಹೋಗಲಿಲ್ಲ. ಸೆಂಟರ್ ಬೇರಿಂಗ್ ಹೊಸದು, ‘ಈಗ ಸ್ವಲ್ಪ ಕಮ್ಮಿ ಅನ್ನಿಸುತ್ತೆ ಅಲ್ವಾ ಸಾರ್?’ ಬಳಿಕ ಕ್ಲಚ್ ಪ್ಲೇಟು. ಯಾವುದರಲ್ಲಿ ತಪ್ಪಿಲ್ಲ ಎಂಬುದು ಅದನ್ನು ಬದಲಾಯಿಸಿ ದುಡ್ಡು ಕಟ್ಟಿದ ಮೇಲೆಯೇ ಖಚಿತವಾಗುತ್ತದೆ. ವಿಜ್ಞಾನಕ್ಕೆ ಇಷ್ಟು ಧಾರಾಳವಾಗಿ ಧನಸಹಾಯ ಮಾಡುವವರು ಈ ದೇಶದಲ್ಲಿ ಲಾರಿ ಮಾಲೀಕರು ಮಾತ್ರ.

ಇನ್ನು ಹೆದ್ದಾರಿ ಬದಿಯ ಗ್ಯಾರೇಜಿನವರ ಅವೈಜ್ಞಾನಿಕತೆ ನೋಡಿ. ಜಾಬ್ ಕಾರ್ಡಿಲ್ಲ, ಲ್ಯಾಪ್‌ಟಾಪಿಲ್ಲ, ಕೂರಲು ಟಯರು. ಮೊದಲ ಪ್ರಶ್ನೆ: ‘ಸ್ಟೇರಿಂಗ್ ನಡುಗುತ್ತಾ, ಸೀಟು ನಡುಗುತ್ತಾ?’ ಸ್ಟೇರಿಂಗ್ ಆದರೆ ಮುಂದಿನ ಚಕ್ರದ ಕಡೆ ನೋಡು, ಸೀಟಾದರೆ ಎಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವ ಜಾಯಿಂಟ್ ಶಾಫ್ಟು, ಹಿಂದಿನ ಚಕ್ರ. ಎರಡನೆಯದು: ‘ಬ್ರೇಕ್ ಒತ್ತಿದಾಗ ಮಾತ್ರಾನಾ?’ ಹೌದಾದರೆ ಡ್ರಮ್ಮು. ಮೂರನೆಯದು: ‘ಸಮತಟ್ಟು ರೋಡಲ್ಲಿ ಅದೇ ಸ್ಪೀಡಿಗೆ ಹೋಗ್ತಾ ಒಂದು ಗಳಿಗೆ ನ್ಯೂಟ್ರಲ್ ಮಾಡಿ ನೋಡಿದ್ರಾ?’ ಆಗಲೂ ನಡುಗಿದರೆ ಎಂಜಿನ್ ನಿರಪರಾಧಿ. ಹೀಗೆ ಒಂದು ಬೋಲ್ಟೂ ಬಿಚ್ಚದೆ, ಒಂದು ರೂಪಾಯಿಯೂ ಸರ್ಕಾರಕ್ಕೆ ಹೋಗದಂತೆ, ಅರ್ಧ ಲಾರಿಯನ್ನು ಬಾಯಿಮಾತಿನಲ್ಲೇ ಖುಲಾಸೆ ಮಾಡಿಬಿಡುತ್ತಾರೆ.

ಕೊನೆಯ ಪ್ರಶ್ನೆ ಇನ್ನೂ ಅಧಿಕಪ್ರಸಂಗದ್ದು: ‘ಈಚೆಗೆ ಜಾಯಿಂಟ್ ಬಿಚ್ಚಿಸಿದ್ರಾ ಅಣ್ಣಾ?’ ಕ್ಲಚ್ ಕೆಲಸಕ್ಕೆ ಬಿಚ್ಚಿದ್ದು ಎಂದರೆ ಗ್ಯಾರೇಜಿನ ಹುಡುಗ ಗೋಣಿಚೀಲ ಹಾಸಿ ಅಡಿಗೆ ನುಗ್ಗುತ್ತಾನೆ. ಗ್ರೀಸಿಗೆ ಅಂಟಿದ ಕೆಮ್ಮಣ್ಣನ್ನು ವೇಸ್ಟ್ ಬಟ್ಟೆಯಲ್ಲಿ ಒರೆಸುತ್ತಾನೆ. ಶಾಫ್ಟಿನ ಕೊಳವೆಯ ಮೇಲೊಂದು, ಜಾರುವ ತುದಿಯ ಮೇಲೊಂದು ಪುಟ್ಟ ಬಾಣದ ಗುರುತು ಹೊರಬರುತ್ತವೆ. ಎರಡೂ ಎದುರುಬದುರು ಇರಬೇಕು, ಇಲ್ಲಿ ಒಂದಕ್ಕೊಂದು ಮುಖ ತಿರುಗಿಸಿ ಕೂತಿವೆ. ಶಾಫ್ಟಿನ ತುದಿಯ ಜಾಯಿಂಟಿನ ಕ್ರಾಸು ಓರೆಯಾಗಿ ತಿರುಗುವಾಗ ಶಾಫ್ಟಿನ ವೇಗ ಪ್ರತಿ ಸುತ್ತಿಗೂ ಎರಡು ಸಲ ಏರಿಳಿಯುತ್ತದೆ. ಎರಡೂ ತುದಿ ಒಂದೇ ಸಾಲಿನಲ್ಲಿದ್ದರೆ ಈ ತುದಿಯ ಏರಿಳಿತವನ್ನು ಆ ತುದಿ ಸರಿದೂಗಿಸುತ್ತದೆ, ತಪ್ಪಿದರೆ ಇಡೀ ಲಾರಿ ನಡುಗುತ್ತದೆ. ಹುಡುಗ ಎಳೆದು, ತಿರುಗಿಸಿ, ಬಾಣಕ್ಕೆ ಬಾಣ ಕೂರಿಸುತ್ತಾನೆ. ಹೊಸ ಪಾರ್ಟು ಸೊನ್ನೆ. ಇಂಥವರಿಂದ ದೇಶದ ಉತ್ಪಾದನೆ ಉದ್ಧಾರವಾಗುವುದು ಹೇಗೆ?

ಬಿಲ್ಲಿನ ವಿಷಯದಲ್ಲೂ ಶೋರೂಮಿನದೇ ಮೇಲುಗೈ. ನಮ್ಮ ರೈತರಿಗೆ ಹೊಗೆಸೊಪ್ಪಿನ ಹರಾಜು ಕಟ್ಟೆಯ ದುರಭ್ಯಾಸ. ಅಲ್ಲಿ ರೇಟು ಮೊದಲು ಗೊತ್ತಾಗುತ್ತದೆ, ಒಪ್ಪದಿದ್ದರೆ ಬೇಲು ಕೊಡುವುದಿಲ್ಲ, ತೀರಾ ಕಮ್ಮಿಯಾದರೆ ಹರಾಜನ್ನೇ ನಿಲ್ಲಿಸುತ್ತಾರೆ. ಶೋರೂಮಿನಲ್ಲಿ ಕೆಲಸ ಮೊದಲು, ರೇಟು ಆಮೇಲೆ, ಗಾಡಿ ಅವರ ಗೇಟಿನೊಳಗೆ. ಗಲಾಟೆಗೆ ಆಸ್ಪದವೇ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಬೇಡದ ಪಾರ್ಟು ಈಗ ಇನ್ನೂ ಅಗ್ಗ.

ಕೆಲವು ಕಿಡಿಗೇಡಿಗಳು ಮಾತ್ರ ಈ ಸೌಹಾರ್ದ ಕೆಡಿಸುತ್ತಿದ್ದಾರೆ. ಎಸ್ಟಿಮೇಟು ಬರಹದಲ್ಲಿ ಕೊಡಿ, ಅದರ ಮೇಲೆ ಒಂದು ನಟ್ಟು ಹಾಕುವುದಿದ್ದರೂ ಫೋನ್ ಮಾಡಿ, ಟ್ರಯಲ್‌ಗೆ ನಾನೂ ಕೂರುತ್ತೇನೆ ಎನ್ನುತ್ತಾರೆ. ಅವರ ಜೊತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬೇರೆ. ವ್ಯಾಪಾರಕ್ಕೆ ಗಾಡಿ ಇಟ್ಟವನು ಗ್ರಾಹಕನಲ್ಲ ಎನ್ನುವ ಕಾಯ್ದೆಯೇ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದು ಇಟ್ಟವನನ್ನು ಗ್ರಾಹಕನೆಂದು ಒಪ್ಪುತ್ತದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ, 2 ವರ್ಷ ಕಾಲಾವಕಾಶ ಬೇರೆ.

ಆದ್ದರಿಂದ ಲಾರಿ ಮಾಲೀಕರಲ್ಲಿ ಕಳಕಳಿಯ ವಿನಂತಿ: ಮೈಸೂರಿಗೆ ಹೋಗುವ ಮೊದಲು ಗಾಡಿಯಡಿ ಇಣುಕಿ ಬಾಣದ ಗುರುತು ನೋಡಬೇಡಿ. ಬಿಚ್ಚಿದ ಹಳೇ ಪಾರ್ಟನ್ನು ವಾಪಸ್ ಕೇಳಲೇಬೇಡಿ. ಅದು ಚೆನ್ನಾಗಿಯೇ ಇತ್ತೆಂದು ಗೊತ್ತಾದರೆ ಸುಮ್ಮನೆ ನಿಮಗೇ ಸಂಕಟ.